ಮಾರಿಯೆಲ್ ಬಂದರಿನಲ್ಲಿ ಒಂದೇ ಜಾಗ

ಮೊದಲ ಮೊಟ್ಟೆ ಕಾರಿನ ಮುಂಗಾಜಿಗೆ ಬಿತ್ತು.

ಎರಡನೆಯದು ನನ್ನ ಕಿವಿಗೆ!

ಆಮೇಲೆ ಬಂದದ್ದು ಕಲ್ಲು... ಹಿಂದಿನ ಗಾಜು ಪುಡಿಪುಡಿಯಾಗಿ ಸೀಟಿನ ಮೇಲೆ ಸುರಿಯಿತು.

"ಅಮ್ಮಾ, ತಲೆ ತಗ್ಗಿಸಿ!"

"ಯಾಕೋ ತಗ್ಗಿಸ್ಬೇಕು?" ಹಿಂದೆ ನೆಟ್ಟಗೆ ಕೂತಿದ್ದ ಮುದುಕಿ ಕಾಂದೇಲಾರಿಯಾ ನನ್ನನ್ನೇ ಗದರಿದಳು. "ಇವರೆಲ್ಲ ನಮ್ಮ ಬೀದಿಯೋರು. ಅಗೋ, ಆ ಕೆಂಪು ಅಂಗಿಯವಳನ್ನ ನೋಡು... ಅವಳ ಹೆರಿಗೆ ಮಾಡಿಸಿದ್ದು ನಾನೇ!"

ಕೆಂಪು ಅಂಗಿಯವಳ ಕೈಯಲ್ಲೂ ಒಂದು ಮೊಟ್ಟೆ ಇತ್ತು.

ರೇಷನ್ನಿನಲ್ಲಿ ಮೊಟ್ಟೆ ಸಿಗಬೇಕಾದರೆ ಬೆಳಗಿನಿಂದ ಸಾಲು ನಿಲ್ಲಬೇಕು. ಅಂಥ ಮೊಟ್ಟೆಯನ್ನು ಆವತ್ತು ಬುಟ್ಟಿಗಟ್ಟಲೆ ಎಸೆಯುತ್ತಿದ್ದರು. ಯಾರೋ ತಂದು ಹಂಚಿದ್ದರು ಅಂತ ಬೇರೆ ಹೇಳಬೇಕೇ?

ಹಂಚಿದವನು ನನ್ನ ಕಾರಿನ ಮುಂದೆಯೇ ನಿಂತಿದ್ದ. ಬಾನೆಟ್ಟಿನ ಮೇಲೆ ಎರಡೂ ಕೈ ಊರಿಕೊಂಡು. ಪ್ರಿಮಿತಿವೊ. ಬೀದಿ ಸಮಿತಿಯ ಅಧ್ಯಕ್ಷ. ಗೂಳಿಯಂಥ ಕತ್ತು. ಕ್ರಾಂತಿಗೆ ಮುಂಚೆ ಹವಾನಾದ ಇದೇ ಲಾವ್ಟನ್ ಬಡಾವಣೆಯಲ್ಲಿ ಮನೆಮನೆಗೆ ಐಸ್ ಗಡ್ಡೆ ಹೊರುತ್ತಿದ್ದ. ಕ್ರಾಂತಿ ಆದ ಮೇಲೆ ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಮೂಸುವುದೇ ಅವನ ಉದ್ಯೋಗ.

"ಹುಳುಗಳು ತೊಲಗಲಿ!" ಎಂದು ಕೂಗಿದ. ದೇಶ ಬಿಡುವವರಿಗೆ ಆಗ ಅದೇ ಹೆಸರು... ಹುಳು.

"ತೊಲಗಲಿ!" ಎಂದು ಬೀದಿಗೆ ಬೀದಿಯೇ ಕೂಗಿತು.

"ತೊಲಗೋಣ ಅಂತಾನೇ ಕೂತಿದೀನಲ್ಲಪ್ಪಾ... ದಾರಿ ಬಿಡು!" ಎಂದೆ.

ಅವನು ಜಗ್ಗಲಿಲ್ಲ. ಅಷ್ಟರಲ್ಲಿ ಮುದುಕಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಲೋ ಪ್ರಿಮಿತಿವೊ! ನಾನು ದೇಶ ಬಿಟ್ಟು ಹೋಗ್ತಿಲ್ಲ ಕಣೋ! ದೊಡ್ಡ ಮಗನ ಮುಖ ನೋಡ್ಕೊಂಡು ಸಂಜೆ ವಾಪಸ್ ಬರ್ತೀನಿ. ನನ್ನ ಕೋಳಿಗೆ ಸ್ವಲ್ಪ ನೀರಿಡು!"

ಅವನ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತು. ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ. ಅವನು ಒಂದು ಕ್ಷಣ ಕೈ ಸಡಿಲಿಸಿದ. ನನಗೆ ಅಷ್ಟು ಸಾಕಿತ್ತು!

ರಿವರ್ಸ್ ಹಾಕಿದೆ. ನನ್ನ ಮುದಿ ಪ್ಲಿಮತ್ ಕಾರು ಗಂಟಲು ಕೆರೆದುಕೊಂಡು ಹಿಂದಕ್ಕೆ ಹಾರಿತು. ಜನ ಚೆಲ್ಲಾಪಿಲ್ಲಿ! ಬೀದಿಯ ತುದಿಯಲ್ಲಿ ಸ್ಟೀರಿಂಗ್ ತಿರುವಿ ಇಳಿಜಾರಿನಲ್ಲಿ ಬಿಟ್ಟೆ ನೋಡಿ...

ಬ್ರೇಕ್ ಸರಿಯಿಲ್ಲ ಅನ್ನುವುದು ನೆನಪಾದದ್ದು ಅರ್ಧ ಇಳಿದ ಮೇಲೆ!

* * *

ನನ್ನ ಹೆಸರು ರುಫೀನೊ. ನನ್ನ ಕೈಯಲ್ಲಿ ಆಗದ ಕೆಲಸ ಹವಾನಾದಲ್ಲಿ ಕಡಿಮೆ.

ಕ್ರಾಂತಿಗೆ ಮುಂಚೆ ನಾನು ಒಂದು ಕೆಸಿನೊದ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಮೆರಿಕನ್ನರು ಕುಡಿದು ಗಲಾಟೆ ಮಾಡಿದರೆ ಮೆತ್ತಗೆ ಎತ್ತಿ ಟ್ಯಾಕ್ಸಿಗೆ ಹಾಕುವುದು. ನಮ್ಮವರು ಮಾಡಿದರೆ ಹಿಂದಿನ ಓಣಿಗೆ ಒಯ್ದು ಹಲ್ಲು ಉದುರಿಸುವುದು. ಸಂಬಳ ಎರಡಕ್ಕೂ ಒಂದೇ.

ಆಮೇಲೆ ಗಡ್ಡದ ಕ್ರಾಂತಿಕಾರರು ಬೆಟ್ಟ ಇಳಿದು ಬಂದರು. ಜನ ಕೆಸಿನೊಗೆ ನುಗ್ಗಿ ಜೂಜಿನ ಮೇಜುಗಳನ್ನೆಲ್ಲ ಬೀದಿಗೆ ಎಳೆದು ಬೆಂಕಿ ಹಚ್ಚಿದರು. ನಾನೂ ಒಂದು ಮೇಜಿನ ಕಾಲು ಹಿಡಿದು ಎಳೆದೆ. ಸುಳ್ಳು ಯಾಕೆ ಹೇಳಲಿ... ಖುಷಿಯಿಂದಲೇ ಎಳೆದೆ!

ಮೇಜಿನ ಜೊತೆಗೆ ನನ್ನ ಕೆಲಸವೂ ಉರಿದುಹೋಯಿತು. ಅಂದಿನಿಂದ ಪ್ಲಿಮತ್ ಓಡಿಸುವುದು, ಜನರಿಗೆ ಬೇಕಾದ್ದನ್ನು ಹುಡುಕಿಕೊಡುವುದು. ಕಾರ್ಬ್ಯುರೇಟರ್, ಪೆನಿಸಿಲಿನ್, ಓಡಿಹೋದ ಗಂಡ... ಏನು ಬೇಕೋ ಕೇಳಿ.

ಅದು ಸಾವಿರದ ಒಂಬೈನೂರ ಎಂಬತ್ತು, ಮೇ ತಿಂಗಳು. ಹೋಗುವವರು ಹೋಗಬಹುದು, ಅಮೆರಿಕದ ಮಯಾಮಿಯ ನೆಂಟರು ಮಾರಿಯೆಲ್ ಬಂದರಿಗೆ ದೋಣಿ ತಂದು ಕರೆದುಕೊಂಡು ಹೋಗಲಿ ಎಂದು ಸರ್ಕಾರ ಸಾರಿಬಿಟ್ಟಿತ್ತು. ಹೋಗುವವರನ್ನು ಬೀಳ್ಕೊಡಲು ಮೊಟ್ಟೆ.

ಒಂದು ಬೆಳಿಗ್ಗೆ ಬಂದರಿನ ಅಡುಗೆಯವನೊಬ್ಬ ಬಂದು ಕಿವಿಯಲ್ಲಿ ಹೇಳಿದ. "ಒರೆಸ್ತೆ ಬಂದಿದ್ದಾನೆ. ಸಿಗಡಿ ಹಿಡಿಯೋ ದೋಣಿ ತಂದಿದ್ದಾನೆ. ಅವನ ಅಮ್ಮನ್ನ ಕರ್ಕೊಂಡು ಬಾ ಅಂದ. ಕರ್ಕೊಂಡು ಬಂದ್ರೆ ದೋಣೀಲಿ ನಿಂಗೂ ಒಂದು ಜಾಗ ಅಂತೆ!"

ಒರೆಸ್ತೆ ನನ್ನ ಹಳೆಯ ಗೆಳೆಯ, ಮುದುಕಿ ಕಾಂದೇಲಾರಿಯಾಳ ದೊಡ್ಡ ಮಗ. ಕೆಸಿನೊ ಅಡುಗೆಮನೆಗೆ ಮೀನು ತಂದು ಹಾಕುತ್ತಿದ್ದ. ಅವನ ದೋಣಿಯನ್ನು ಸರ್ಕಾರ ಸಹಕಾರ ಸಂಘಕ್ಕೆ ಸೇರಿಸಿದ ವರ್ಷವೇ ದೇಶ ಬಿಟ್ಟ. ಹತ್ತೊಂಬತ್ತು ವರ್ಷವಾಗಿತ್ತು.

ನಾನು ನೆಟ್ಟಗೆ ಪೊಲೀಸ್ ಠಾಣೆಗೆ ಹೋದೆ. ದೇಶಕ್ಕೆ ಬೇಡವಾದವರು ಅಂತ ಬರೆದುಕೊಟ್ಟರೆ ಬೇಗ ಬಿಡುತ್ತಿದ್ದರು.

"ಬರ್ಕೊಳ್ಳಿ ಸಾರ್... ನಾನು ಕಳ್ಳ. ಕುಡುಕ. ಸೋಮಾರಿ."

"ಇಷ್ಟೇನಾ?" ಎಂದ ಆಫೀಸರ್.

"ಸಾಲದಿದ್ರೆ ನಿಮಗೆ ತೋಚಿದ್ದು ಸೇರಿಸ್ಕೊಳ್ಳಿ!"

ಠಪ್ ಎಂದು ಮೊಹರು ಬಿತ್ತು. ನಾನು ಅಧಿಕೃತವಾಗಿ ಕಸ.

ಇನ್ನು ಉಳಿದದ್ದು ಮುದುಕಿಯನ್ನು ಬಂದರಿಗೆ ಮುಟ್ಟಿಸುವುದು.

* * *

ಊರು ದಾಟಿ ಸಮುದ್ರದ ಪಕ್ಕದ ಹೆದ್ದಾರಿ ಹಿಡಿದೆವು. ಕೆಂಡದಂಥ ಬಿಸಿಲು. ಎಡಕ್ಕೆ ಕಬ್ಬಿನ ಗದ್ದೆ. ಮುದುಕಿ ಕೂದಲಿನಿಂದ ಮೊಟ್ಟೆಯ ಚಿಪ್ಪನ್ನು ಒಂದೊಂದಾಗಿ ತೆಗೆದು ಕಿಟಕಿಯಾಚೆ ಹಾಕುತ್ತಿದ್ದಳು.

"ಅಮ್ಮಾ, ಇನ್ನೊಂದು ಸಲ ಹೇಳ್ತೀನಿ. ಆ ಗೇಟು ದಾಟಿ ಒಳಗೆ ಹೋದೋರು ವಾಪಸ್ ಬಂದಿದ್ದನ್ನ ನಾನು ನೋಡಿಲ್ಲ."

"ಗೇಟಲ್ಲಿ ಇರೋರು ಯಾರು?"

"ಸೈನ್ಯದೋರು."

"ಸೈನ್ಯದಲ್ಲಿ ಯಾರು? ನನ್ನ ಚಿಕ್ಕೋನು ಉಬಾಲ್ದೊ! ಲೆಫ್ಟಿನೆಂಟ್! ಅವನಮ್ಮನ್ನ ಅವನೇ ತಡೀತಾನಾ? ಹೋಗಲೋ!"

ನಾನು ಗೇರ್ ಬದಲಿಸಿದೆ.

"ನೀನು ಹೋಗ್ತೀಯಾ?" ಎಂದಳು.

"ಹೋಗ್ತೀನಿ. ಸಾಲು ನಿಂತು ನಿಂತು ಸಾಕಾಗಿದೆ ಅಮ್ಮಾ. ಬ್ರೆಡ್ಡಿಗೆ ಸಾಲು, ಸೋಪಿಗೆ ಸಾಲು, ಬೂಟಿಗೆ ಸಾಲು..."

"ನನ್ನ ಕಾಲದಲ್ಲಿ ಬೂಟಿಗೆ ಸಾಲು ಇರ್ಲಿಲ್ಲ ಬಿಡು. ಬೂಟೇ ಇರ್ಲಿಲ್ಲ!"

ಮುದುಕಿ ನಗಲಿಲ್ಲ. ಕಬ್ಬಿನ ಗದ್ದೆಯ ಕಡೆ ನೋಡುತ್ತಿದ್ದಳು. ಅವಳ ಗಂಡ ಕಬ್ಬು ಕಡಿಯುವವನು. ಕೂಲಿ ಕೇಳಲು ಕಾರ್ಖಾನೆಯ ಬಾಗಿಲಲ್ಲಿ ಕೂತವನನ್ನು ಆಗಿನ ಸರ್ವಾಧಿಕಾರಿಯ ಸಿಪಾಯಿಗಳು ಮಚ್ಚಿನ ಮಗ್ಗುಲಿನಿಂದ ಹೊಡೆದು ಕೊಂದರು. ಮಕ್ಕಳಿಬ್ಬರೂ ಮನೆಯ ಬಾಗಿಲು ಕಿತ್ತು ಅದರ ಮೇಲೆ ಅಪ್ಪನನ್ನು ಹೊತ್ತು ತಂದರು. ಇಬ್ಬರೂ ಅದೇ ವಾರ ಕ್ರಾಂತಿಕಾರರನ್ನು ಸೇರಿದರು.

ಆಮೇಲೆ ಒಬ್ಬ ಉಳಿದ. ಒಬ್ಬ ಹೋದ.

"ಒರೆಸ್ತೆ ಬರೆದದ್ದನ್ನೆಲ್ಲ ನಾನೇ ಓದ್ತೀನಿ ಗೊತ್ತಾ?" ಎಂದಳು ಇದ್ದಕ್ಕಿದ್ದಂತೆ. "ಐವತ್ತು ದಾಟಿದ ಮೇಲೆ ಕಲಿತೆ. ಸರ್ಕಾರದೋರು ಪಾಠ ಹೇಳೋಕೆ ಹುಡುಗಿಯರನ್ನ ಕಳ್ಸಿದ್ರಲ್ಲ, ಆಗ. ಅದಕ್ಕೆ ಮುಂಚೆ ಪಾದ್ರಿ ಹತ್ರ ಹೋಗಿ ಓದಿಸ್ಕೋಬೇಕಿತ್ತು. ಅವನು ಅರ್ಧ ನುಂಗಿಬಿಡ್ತಿದ್ದ."

ಅಷ್ಟರಲ್ಲಿ ಹಿಂದೆ ಎಂಜಿನ್ನಿನ ಸದ್ದು.

ಕನ್ನಡಿಯಲ್ಲಿ ಸೈಡ್‌ಕಾರಿನ ರಷ್ಯನ್ ಮೋಟಾರ್‌ಬೈಕ್ ಕಾಣಿಸಿತು!

ಸೈಡ್‌ಕಾರಿನಲ್ಲಿ ಗೂಳಿ ಕತ್ತು.

* * *

"ಗಟ್ಟಿಯಾಗಿ ಹಿಡ್ಕೊಳ್ಳಿ ಅಮ್ಮಾ!"

ಆ್ಯಕ್ಸಿಲರೇಟರ್ ನೆಲಕ್ಕೆ ಒತ್ತಿದೆ. ಪ್ಲಿಮತ್ ಇಡೀ ಮೈ ನಡುಗಿಸಿತು, ಅಷ್ಟೇ... ವೇಗ ಏರಲಿಲ್ಲ. ಬೈಕು ಹತ್ತಿರ ಬಂತು. ಇನ್ನೂ ಹತ್ತಿರ. ಪಕ್ಕಕ್ಕೇ ಬಂತು!

ಪ್ರಿಮಿತಿವೊ ಸೈಡ್‌ಕಾರಿನಲ್ಲಿ ಎದ್ದು ನಿಂತಿದ್ದ. ಒಂದು ಕೈಯಲ್ಲಿ ಕಬ್ಬಿಣದ ಸರಳು. ಇನ್ನೊಂದು ಕೈಯಲ್ಲಿ ಏನೋ ಹಿಡಿದು ಬೀಸುತ್ತಿದ್ದ. ಬಿಸಿಲಿಗೆ ಥಳಥಳ ಹೊಳೆಯಿತು. ಚಾಕುವೇ ಇರಬೇಕು ಅಂದುಕೊಂಡೆ.

"ನಿಲ್ಸೋ! ನಿಲ್ಸೋ ರುಫೀನೊ!"

ಧಡ್! ಸರಳು ನನ್ನ ಬಾಗಿಲಿಗೆ ಬಿತ್ತು.

"ಇಪ್ಪತ್ತು ವರ್ಷದಿಂದ ಪೇಂಟ್ ಸಿಕ್ಕಿಲ್ಲ ಕಣೋ ಇದಕ್ಕೆ!" ಎಂದು ಕಿರುಚಿದೆ. ನಿಜವಾಗಿ ಹೊಟ್ಟೆ ಉರಿದದ್ದು ಅದಕ್ಕೇ.

ಸ್ಟೀರಿಂಗನ್ನು ಎಡಕ್ಕೆ ಎಳೆದೆ. ಬೈಕು ತಪ್ಪಿಸಿಕೊಳ್ಳಲು ಹೋಗಿ ರಸ್ತೆ ಬಿಟ್ಟಿತು. ಒಂದು ನೆಗೆತ... ಕಬ್ಬಿನ ಗದ್ದೆಗೆ ನುಗ್ಗಿ ಮಾಯ! ಕಬ್ಬಿನ ಜಲ್ಲೆಗಳು ಅಲ್ಲಾಡುತ್ತ ಹೋದದ್ದಷ್ಟೇ ಕಂಡಿತು.

ಮುದುಕಿ ಹಿಂದಿರುಗಿ ನೋಡಿದಳು.

"ಪೆಟ್ಟಾಯ್ತೇನೋ ಪಾಪ. ನಿಲ್ಸು."

"ಅಮ್ಮಾ!"

"ಅವನ ಮನೇಲಿ ಒಂದೇ ಕೋಣೆ ಕಣೋ. ಮಗಳು, ಅಳಿಯ, ಕೂಸು... ಎಲ್ಲರೂ ಅಲ್ಲೇ ಮಲಗ್ತಾರೆ. ಅವನಿಗೇನಾದ್ರೂ ಆದ್ರೆ?"

ಗದ್ದೆಯೊಳಗಿಂದ ಬೈಗುಳ ಕೇಳಿಸಿತು. ಒಳ್ಳೆಯ ಗಟ್ಟಿ ಬೈಗುಳ.

"ಕೇಳಿದ್ರಾ? ಆರೋಗ್ಯವಾಗಿದ್ದಾನೆ!" ಎಂದು ಹೊರಟೆ.

* * *

ಮಾರಿಯೆಲ್ ಗೇಟಿನಲ್ಲಿ ಸೈನಿಕನೊಬ್ಬ ಕಾರಿಗೆ ಬಂದೂಕು ಚಾಚಿದ. ಅವನ ಹಿಂದಿನಿಂದ ಉದ್ದನೆಯ ತೆಳ್ಳಗಿನ ಆಫೀಸರ್ ಬಂದ. ಕಣ್ಣು ಮಾತ್ರ ಮುದುಕಿಯದೇ. ಲೆಫ್ಟಿನೆಂಟ್ ಉಬಾಲ್ದೊ.

ಒಡೆದ ಗಾಜು ನೋಡಿದ. ಒಳಗೆ ಬಗ್ಗಿದ. ಅಮ್ಮನ ಅಂಗಿಯ ಮೇಲೆ ಒಣಗಿದ ಹಳದಿ ನೋಡಿದ.

"ಯಾರು ಮಾಡಿದ್ದು?" ಸಣ್ಣ ದನಿಯಲ್ಲಿ ಕೇಳಿದ.

"ನೆರೆಹೊರೆಯೋರು. ಬಿಡು ಅದನ್ನ. ನಿಮ್ಮಣ್ಣ ಎಲ್ಲಿ?"

"ನನಗೆ ಅಣ್ಣ ಅಂತ ಯಾರೂ ಇಲ್ಲಮ್ಮಾ."

"ನನಗೆ ಮಗ ಇದ್ದಾನೆ. ಕರ್ಕೊಂಡು ಹೋಗು."

"ಅಮ್ಮಾ, ನೀನು ಒಳಗೆ ಕಾಲಿಟ್ಟೆ ಅಂದ್ರೆ..."

"ನೀನೇ ಕರ್ಕೊಂಡು ಹೋಗು. ನೀನೇ ಹೊರಗೆ ತಂದು ಬಿಡು. ಇದಕ್ಕೋಸ್ಕರ ಅಲ್ವಾ ನೀನು ದೊಡ್ಡ ಆಫೀಸರ್ ಆಗಿರೋದು?"

ಲೆಫ್ಟಿನೆಂಟ್ ಗೇಟಿನತ್ತ ಒಮ್ಮೆ ನೋಡಿದ. ಅವನು ನನ್ನ ಕಡೆ ತಿರುಗಿದ.

"ನೀನು ಯಾರು?"

ಮೊಹರು ಬಿದ್ದ ಕಾಗದ ತೋರಿಸಿದೆ. "ಕಸ. ಸರ್ಕಾರವೇ ಬರ್ಕೊಟ್ಟಿದೆ!"

ಅವನಿಗೆ ನಗು ಬರಲಿಲ್ಲ. ಗೇಟು ತೆಗೆಸಿದ.

ಕಟ್ಟೆಯ ಉದ್ದಕ್ಕೂ ಜನ. ಗಂಟುಮೂಟೆ ಇಲ್ಲ. ತಂದದ್ದನ್ನೆಲ್ಲ ಕಿತ್ತುಕೊಂಡಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನೀರಿನ ತುಂಬ ದೋಣಿಗಳು. ಒರೆಸ್ತೆಯ ಸಿಗಡಿ ದೋಣಿ ಕಟ್ಟೆಗೆ ತಾಗಿ ನಿಂತಿತ್ತು. ನೆಂಟರನ್ನು ಕರೆಯಲು ಬಂದವರ ದೋಣಿಗೆ ಗುರುತೇ ಇಲ್ಲದ ಜನರನ್ನೂ ತುಂಬಿಸುತ್ತಿದ್ದರು. ಜೈಲಿನಿಂದ ತಂದವರು, ಆಸ್ಪತ್ರೆಯಿಂದ ತಂದವರು. ದೋಣಿಯ ಅಂಚು ನೀರಿಗೆ ಮುಟ್ಟುವುದೊಂದು ಬಾಕಿ.

ಒರೆಸ್ತೆ ದೋಣಿಯಿಂದ ಕಟ್ಟೆಗೆ ಹಾಕಿದ್ದ ಹಲಗೆ ಹಾರಿ ಇಳಿದು ಬಂದ. ಬೋಳು ತಲೆ. ಹೊಟ್ಟೆ ಬಂದಿತ್ತು. "ಅಮ್ಮಾ..." ಎಂದು ಎರಡೂ ತೋಳು ಚಾಚಿದ.

ಫಟಾರ್!

ಮುದುಕಿ ಕೆನ್ನೆಗೆ ಬಿಟ್ಟ ಏಟು ಕಟ್ಟೆಗೆಲ್ಲ ಕೇಳಿಸಿತು.

"ಇಷ್ಟು ವರ್ಷ!" ಎಂದಳು. ಆಮೇಲೆ ಅವನನ್ನು ಅಪ್ಪಿಕೊಂಡಳು. ಅವನ ಬೋಳು ತಲೆಯನ್ನು ಸವರಿ ಸವರಿ ನೋಡಿದಳು. "ಕೂದಲೆಲ್ಲ ಎಲ್ಲೋ ಹೋಯ್ತು? ಏನು ತಿನ್ತಿದ್ದೀಯೋ ಅಲ್ಲಿ?"

ಒರೆಸ್ತೆ ಮಗುವಿನ ಹಾಗೆ ಅಳುತ್ತಿದ್ದ. ಅಳುತ್ತಲೇ ತಮ್ಮನನ್ನು ನೋಡಿದ.

"ಸಮವಸ್ತ್ರ ಚೆನ್ನಾಗಿ ಒಪ್ಪುತ್ತೆ ನಿಂಗೆ."

"ನಿನ್ನ ವಾಚೂ ಚೆನ್ನಾಗಿದೆ."

"ಸ್ವಂತ ದುಡಿಮೆ. ಇಲ್ಲಿದ್ದ ಹಾಗೆ ಯಾರೂ ಬಂದು ಕಿತ್ಕೊಳ್ಳಲ್ಲ ಅಲ್ಲಿ."

"ಅಪ್ಪನ್ನ ಕೊಂದು ಓಡಿಹೋದ ಸಿಪಾಯಿಗಳೆಲ್ಲ ಅಲ್ಲೇ ಇದ್ದಾರಲ್ಲ... ಭೇಟಿ ಆಗ್ತಾರಾ?"

"ಲೋ! ಅಪ್ಪನ್ನ ಹೊತ್ತ ಬಾಗಿಲಿನ ಒಂದು ತುದಿ ನನ್ನ ಹೆಗಲ ಮೇಲಿತ್ತು!"

"ಹೊತ್ತು ಅರ್ಧಕ್ಕೇ ಕೆಳಗಿಟ್ಟು ಹೋದೆ!"

"ಬಾಯಿ ಮುಚ್ರೋ ಇಬ್ಬರೂ!" ಎಂದಳು ಮುದುಕಿ. "ಬರೀ ಒಂದು ಗಳಿಗೆ... ಇಬ್ಬರೂ ನನ್ನ ಪಕ್ಕ ನಿಂತ್ಕೊಳ್ಳಿ. ಮಾತಾಡ್ಬೇಡಿ. ನಿಂತ್ಕೊಳ್ಳಿ ಅಷ್ಟೇ."

ನಿಂತರು. ಒಬ್ಬ ಈ ಕಡೆ, ಒಬ್ಬ ಆ ಕಡೆ. ಮುದುಕಿ ಕಣ್ಣು ಮುಚ್ಚಿಕೊಂಡಳು.

ದೋಣಿಯ ಬಳಿಯಿದ್ದ ಸೈನಿಕ ಕೂಗಿದ. "ಇನ್ನು ಒಬ್ಬರು! ಒಬ್ಬರೇ! ಆಮೇಲೆ ಹಗ್ಗ ಬಿಚ್ತೀನಿ!"

ಒರೆಸ್ತೆ ಅಮ್ಮನನ್ನು ನೋಡಿದ. ಅವಳು ತಲೆ ಅಲ್ಲಾಡಿಸಿದಳು. "ನಾನು ಬರಲ್ಲ ಮಗಾ. ನೋಡಿದ್ದಾಯ್ತು. ರುಫೀನೊ ಹೋಗ್ಲಿ."

ನಾನು ಹಲಗೆಯ ಮೇಲೆ ಒಂದು ಕಾಲಿಟ್ಟೆ. ಇನ್ನೊಂದು ಕಾಲು ಎತ್ತಿದರೆ ಕ್ಯೂಬಾ ಮುಗಿಯಿತು!

"ತಡೀರಿ! ತಡೀರಿ ಅವರನ್ನ!"

ಗೂಳಿ ಕತ್ತು ಕುಂಟುತ್ತ ಓಡಿಬರುತ್ತಿತ್ತು. ಮೈಗೆಲ್ಲ ಕಬ್ಬಿನ ಗರಿ ಗೀರಿದ ಗಾಯ. ಜೊತೆಗೆ ಕಪ್ಪು ಕನ್ನಡಕದ ಒಬ್ಬ ಕ್ಯಾಪ್ಟನ್, ಇಬ್ಬರು ಬಂದೂಕಿನವರು.

"ಇದೇ ಹೆಂಗಸು ಕ್ಯಾಪ್ಟನ್!" ಎಂದ ಪ್ರಿಮಿತಿವೊ ಏದುಸಿರು ಬಿಡುತ್ತ. "ದೇಶ ಬಿಟ್ಟವಳು! ಇಡೀ ಬೀದಿ ಸಾಕ್ಷಿ. ಮನೆಗೆ ಬೀಗ ಜಡಿದು ಸೀಲು ಹಾಕಿಸಿ ಬಂದಿದೀನಿ. ಇಗೋ ಕೀ!"

ಅವನ ಕೈಯಲ್ಲಿ ಹೊಳೆದದ್ದು ಚಾಕುವಲ್ಲ. ಬೀಗದ ಕೈ.

ಆಗ ನನಗೆ ಎಲ್ಲ ಅರ್ಥವಾಯಿತು. ಅವನು ನಾವು ಹೋಗುವುದನ್ನು ತಡೆಯಲು ಬಂದೇ ಇರಲಿಲ್ಲ... ಮುದುಕಿ ಸಂಜೆ ವಾಪಸ್ ಬರುತ್ತೇನೆ ಅಂದಳಲ್ಲ, ಆ ಸಂಜೆಯನ್ನು ತಪ್ಪಿಸಲು ಬಂದಿದ್ದ! ರಸ್ತೆಯಲ್ಲಿ ಕಾರು ನಿಲ್ಲಿಸು ಅಂದದ್ದೂ ಮನೆಗೆ ಬೀಗ ಬಿತ್ತು, ವಾಪಸ್ ಬರಬೇಡ ಅನ್ನಲಿಕ್ಕೇ. ಹೋದವರ ಮನೆ ಖಾಲಿ. ಖಾಲಿ ಮನೆ ಸಮಿತಿ ಹೇಳಿದವರಿಗೆ.

"ಲೆಫ್ಟಿನೆಂಟ್," ಎಂದ ಕ್ಯಾಪ್ಟನ್ ತಣ್ಣಗೆ. "ಈಕೆ ನಿಮ್ಮ ತಾಯಿಯಾ?"

"ಹೌದು ಕ್ಯಾಪ್ಟನ್."

"ಗೇಟಿನ ಒಳಗೆ ಕರ್ಕೊಂಡು ಬಂದದ್ದು ನೀವೇ?"

"ನಾನೇ."

"ಹಾಗಾದ್ರೆ ನಿಯಮ ಗೊತ್ತಲ್ಲ. ಒಳಗೆ ಬಂದೋರು ದೋಣಿ ಹತ್ತುತ್ತಾರೆ. ಈಕೆಯನ್ನ ಹೊರಗೆ ಬಿಟ್ರೆ ನಾಳೆ ನೀವು ಈ ಬಟ್ಟೇಲಿ ಇರಲ್ಲ. ಜೈಲಿನ ಬಟ್ಟೇಲಿ ಇರ್ತೀರಿ."

ಉಬಾಲ್ದೊನ ಕೈ ಸೊಂಟಕ್ಕೆ ಹೋಯಿತು. ಪಿಸ್ತೂಲು ಹೊರಗೆ ಬಂತು... ನೇರ ಪ್ರಿಮಿತಿವೊನ ಹಣೆಗೆ!

"ಕೀ ಕೊಡು."

ಕಟಕಟ ಎಂದು ಬಂದೂಕುಗಳು ಮೇಲೆದ್ದವು. ಎರಡು ಉಬಾಲ್ದೊನ ಕಡೆಗೆ. ದೋಣಿಯ ಬಳಿಯ ಸೈನಿಕನದು ಯಾಕೋ ನನ್ನ ಕಡೆಗೆ!

"ಲೆಫ್ಟಿನೆಂಟ್, ಕೆಳಗಿಡಿ!"

"ಕೀ ಕೊಡೋ ನಾಯಿ! ನನ್ನಮ್ಮನ ಮನೆ ಅದು!"

ಪ್ರಿಮಿತಿವೊ ಕೀಯನ್ನು ಎದೆಗೆ ಒತ್ತಿಕೊಂಡ. "ಹೊಡಿ... ಹೊಡೀ. ಕೂಸಿಗೆ ಉಬ್ಬಸ ಲೆಫ್ಟಿನೆಂಟ್. ಒಂದೇ ಕೋಣೆ. ಹತ್ತು ವರ್ಷದಿಂದ ಅರ್ಜಿ ಹಾಕ್ತಾನೇ ಇದೀನಿ. ಏನ್ ಮಾಡ್ಲಿ ನಾನು?"

ಮುದುಕಿ ನಡೆದುಬಂದು ಪಿಸ್ತೂಲಿನ ಮುಂದೆ ನಿಂತಳು. ಅದರ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಒಳಗಿಡು."

"ಅಮ್ಮಾ, ಸರಿ ಆ ಕಡೆ."

"ಒಳಗಿಡು ಅಂದೆ. ಅವನನ್ನ ಹೊಡೆದ್ರೆ ನಿನ್ನನ್ನ ಗೋಡೆಗೆ ನಿಲ್ಲಿಸಿ ಗುಂಡಿಕ್ತಾರೆ. ಒಬ್ಬನ್ನ ಸಮುದ್ರ ತಗೊಳ್ತು, ಇನ್ನೊಬ್ಬನ್ನ ಗೋಡೆಗೆ ಕೊಡ್ಲಾ ನಾನು?"

ಪಿಸ್ತೂಲು ನಿಧಾನವಾಗಿ ಇಳಿಯಿತು.

ಮುದುಕಿ ಪ್ರಿಮಿತಿವೊನ ಕಡೆ ತಿರುಗಿದಳು. ಉಗಿಯುತ್ತಾಳೆ ಅಂದುಕೊಂಡೆ.

"ಹಿತ್ತಲ ನಲ್ಲಿ ಸೋರುತ್ತೆ. ಕೆಳಗೆ ಬಕೆಟ್ ಇಡು. ಸಮುದ್ರದ ಕಡೆ ಗೋಡೆ ಥಂಡಿ ಹಿಡಿಯುತ್ತೆ, ಕೂಸನ್ನ ಅಲ್ಲಿ ಮಲಗಿಸ್ಬೇಡ."

ಅವನು ತಲೆ ತಗ್ಗಿಸಿದ. ಗೂಳಿ ಕತ್ತು ಅಷ್ಟು ಬಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ನಾನು ಹೋಗ್ತೀನಿ ಕ್ಯಾಪ್ಟನ್," ಎಂದಳು. "ಇವನ ಬಟ್ಟೆ ಮುಟ್ಟಬೇಡಿ."

ಕ್ಯಾಪ್ಟನ್ ಕನ್ನಡಕ ಸರಿಮಾಡಿಕೊಂಡ. "ಒಬ್ಬರಿಗೇ ಜಾಗ."

ಎಲ್ಲರೂ ನನ್ನನ್ನು ನೋಡಿದರು. ನನ್ನ ಕಾಲು ಇನ್ನೂ ಹಲಗೆಯ ಮೇಲಿತ್ತು.

ನನಗೆ ಜಾಗ ಕೊಡ್ತೀನಿ ಅಂದಿದ್ದ ಒರೆಸ್ತೆ ಮುಖ ತಿರುಗಿಸಿಕೊಂಡ. ಆಚೆ ನೀರು ಫಳಫಳ ಹೊಳೆಯುತ್ತಿತ್ತು. ಆ ಹೊಳಪಿನ ಆಚೆಗೆ ಫ್ಲಾರಿಡಾ.

ಕಾಲು ತೆಗೆದೆ.

ಒಳ್ಳೆಯತನ ಅಂತ ತಿಳಿಯಬೇಡಿ! ಎದೆಗೆ ಬಂದೂಕು ಚಾಚಿದಾಗ ಒಳ್ಳೆಯತನ ಯಾರಿಗೂ ಹೊಳೆಯುವುದಿಲ್ಲ. ಮುದುಕಿ ನನ್ನ ಮುಖ ನೋಡುತ್ತಿದ್ದಳು, ಅಷ್ಟೇ. ಕೇಳಲೂ ಇಲ್ಲ. ಕೇಳಿದ್ದರೆ ಆಗಲ್ಲ ಅನ್ನುತ್ತಿದ್ದೆನೋ ಏನೋ.

ಉಬಾಲ್ದೊ ಅಮ್ಮನ ಎಡಗೈ ಹಿಡಿದು ಹಲಗೆ ಹತ್ತಿಸಿದ. ದೋಣಿಯಿಂದ ಒರೆಸ್ತೆ ಬಲಗೈ ಹಿಡಿದುಕೊಂಡ. ಒಂದು ಕ್ಷಣ ಮುದುಕಿ ಹಾಗೇ ನಿಂತಳು, ಕೆಳಗೆ ನೀರು, ಎರಡೂ ಕೈ ಎರಡು ಕಡೆ.

"ಬಿಡೋ," ಎಂದಳು ಚಿಕ್ಕವನಿಗೆ.

ಅವನು ಬಿಡಲಿಲ್ಲ.

"ಬಿಡೋ ಕಂದಾ. ತೋಳು ನೋಯ್ತಿದೆ."

ಬಿಟ್ಟ.

* * *

ಆ ಮನೆ ಪ್ರಿಮಿತಿವೊಗೆ ಸಿಗಲಿಲ್ಲ. ಸೀಲು ಒಡೆದು ಒಳಗೆ ಹೋದವನು ಯಾವುದೋ ಇಲಾಖೆಯ ದೊಡ್ಡ ಮನುಷ್ಯ. ಪ್ರಿಮಿತಿವೊನ ಕೂಸು ಈಗಲೂ ಅದೇ ಕೋಣೆಯಲ್ಲಿ ಕೆಮ್ಮುತ್ತದೆ. ಅವನು ಈಗ ಘೋಷಣೆ ಕೂಗುವುದು ಕಡಿಮೆ.

ಮುದುಕಿ ಮಯಾಮಿಯಲ್ಲಿ ಇದ್ದಾಳಂತೆ. ದೊಡ್ಡ ಮನೆ, ತಣ್ಣನೆಯ ಗಾಳಿ ಬಿಡುವ ಯಂತ್ರ, ಇಬ್ಬರು ಮೊಮ್ಮಕ್ಕಳು. ಮೊಮ್ಮಕ್ಕಳ ಮಾತು ಇವಳಿಗೆ ಬರುವುದಿಲ್ಲ, ಇವಳದು ಅವರಿಗೆ ಬರುವುದಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳಂತೆ. ಬೀದಿಯಲ್ಲಿ ಯಾರೂ ನಡೆದಾಡುವುದೇ ಇಲ್ಲ, ಎಲ್ಲರೂ ಕಾರಿನಲ್ಲಿ ಹೋಗುತ್ತಾರೆ ಎಂದು ಬೈಯುತ್ತಾಳಂತೆ.

ನಾನು ಮತ್ತೆ ಬಂದರಿಗೆ ಹೋದೆ. ಎಷ್ಟೋ ಸಲ ಹೋದೆ. ಜಾಗ ಸಿಗುವ ಮುಂಚೆ ಬಂದರು ಮುಚ್ಚಿತು. ಕಸ ಅಂತ ಮೊಹರು ಹಾಕಿಸಿಕೊಂಡವನಿಗೆ ಇಲ್ಲಿ ಯಾರು ಕೆಲಸ ಕೊಡುತ್ತಾರೆ? ಪ್ಲಿಮತ್ತೇ ಗತಿ.

ಉಬಾಲ್ದೊನ ಬಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಪಿಸ್ತೂಲು ಮಾತ್ರ ವಾಪಸ್ ತಗೊಂಡರು. ಊರಾಚೆ ಒಂದು ಸಿಮೆಂಟ್ ಗೋದಾಮು ಕಾಯಲು ಹಾಕಿದರು.

ಮೊನ್ನೆ ಮಧ್ಯಾಹ್ನ ಕಾರಿನ ಮುಂದಿನ ಬಾಗಿಲು ತೆಗೆದು ಯಾರೋ ಪಕ್ಕದಲ್ಲಿ ಕೂತರು. ನೋಡಿದರೆ ಅವನೇ. ಸಮವಸ್ತ್ರದ ಮೇಲೆ ಸಿಮೆಂಟ್ ಧೂಳು.

"ಓಡ್ಸು," ಎಂದ.

"ಎಲ್ಲಿಗೆ?"

"ಎಲ್ಲಿಗಾದ್ರೂ. ಈ ಸಮುದ್ರ ಕಣ್ಣಿಗೆ ಬೀಳದ ಕಡೆಗೆ."

ಎಂಜಿನ್ ಶುರು ಮಾಡಿದೆ.

"ಇದು ದ್ವೀಪ ಲೆಫ್ಟಿನೆಂಟ್... ಪೆಟ್ರೋಲ್ ಮುಗಿಯೋವರೆಗೂ ಓಡಿಸ್ತೀನಿ. ಮುಗಿಯದಿದ್ರೆ ಮತ್ತೆ ಸಮುದ್ರವೇ!"